ಧ್ಯಾನಕ್ಕೆ ಕೂತ ಫ್ಯಾನು

ಫ್ಯಾನು ರಿಪೇರಿ ಮಾಡುವ ನನ್ನ ಸೋದರಮಾವನಿಗೆ ಐವತ್ತು ದಾಟಿದ ಮೇಲೆ ಶಾಶ್ವತ ಸುಖದ ಹಂಬಲ ಹಿಡಿಯಿತು. ಅಂಗಡಿ ಮುಚ್ಚಿ ಆಶ್ರಮ ಸೇರುತ್ತೇನೆಂದರು. ಅತ್ತೆ ಬಿಡಲಿಲ್ಲ. ಸರಿ, ಮಾವ ಮೋಟಾರಿಗೆ ತಾಮ್ರದ ತಂತಿ ಸುತ್ತುವಾಗ ಎಣಿಸುವುದನ್ನು ಬಿಟ್ಟು ದೇವರ ನಾಮ ಹೇಳತೊಡಗಿದರು. ಭಕ್ತಿಯ ಜೊತೆಗೆ ಸುತ್ತುಗಳೂ ಏರಿದವು. ಸುತ್ತು ಹೆಚ್ಚಾದರೆ ವೇಗ ಕಡಿಮೆ; ಫ್ಯಾನು ತೂಕಡಿಸುತ್ತಾ ತಿರುಗಿತು.

"ನೋಡಿ, ನಿಮಗಿಂತ ಮುಂಚೆ ಫ್ಯಾನೇ ಧ್ಯಾನಕ್ಕೆ ಕೂತಿದೆ!" ಎಂದರು ಅತ್ತೆ.

ಮಾವ ನಕ್ಕು, ತಂತಿ ಬಿಚ್ಚಿ, ಬರೀ ಎಣಿಸುತ್ತಾ ಮತ್ತೆ ಸುತ್ತಿದರು. ಅಷ್ಟು ಹೊತ್ತೂ ಮನಸ್ಸು ಎಲ್ಲಿಗೂ ಹೋಗಲಿಲ್ಲ. ಫ್ಯಾನು ಭರ್ರನೆ ತಿರುಗಿತು. ಅದರ ಕೆಳಗೇ ಕಣ್ಣು ಮುಚ್ಚಿ ಕೂತರು.

"ಆಶ್ರಮಕ್ಕೆ ಯಾವಾಗ ಹೊರಡೋದು?" ಅತ್ತೆ ಕೆಣಕಿದರು.

"ಮೊದಲು ಬಂದು ಇಲ್ಲಿ ಕೂತ್ಕೊಳ್ಳೇ. ಗಾಳಿ ಚೆನ್ನಾಗಿದೆ."