ಮುಕ್ಕಾದ ಹಾಲುಹಲ್ಲು

ಅರವತ್ತರ ದಶಕದ ಕೊನೆಯಲ್ಲಿ ನನ್ನ ಕಸುಬು ಹಲ್ಲು ಕೊಯ್ಯುವುದಾಗಿತ್ತು. ಕೀಳುವುದಲ್ಲ, ಕೊಯ್ಯುವುದು. ಕೀಳುವವರು ಡಾಕ್ಟರು; ಕಿತ್ತಾದ ಮೇಲೆ ಅದು ನನ್ನ ಪಾಲು. ಊರು ಔರಂಗಾಬಾದ್, ಈಗಿನ ಛತ್ರಪತಿ ಸಂಭಾಜಿನಗರ. ನಾನು ಬೀದರ್ ಕಡೆಯವನು. ಅದಕ್ಕೆ ಮೊದಲು ನಾಸಿಕದ ಹತ್ತಿರ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಲೋಹದ ತುಂಡುಗಳನ್ನು ಉಜ್ಜಿ ನುಣುಪು ಮಾಡಿ, ಎಷ್ಟು ಭಾರಕ್ಕೆ ಮುರಿಯುತ್ತವೆ ಎಂದು ನೋಡುವ ಕೆಲಸದಲ್ಲಿದ್ದೆ. ನನ್ನ ಕೈ ನಡುಗುವುದಿಲ್ಲ ಎಂದು ಅಲ್ಲಿ ಹೆಸರು ಮಾಡಿದ್ದೆ. ಆ ಹೆಸರು ಯಾರ ಮೂಲಕವೋ ಔರಂಗಾಬಾದಿನ ಒಬ್ಬ ದಂತವೈದ್ಯರ ಕಿವಿಗೆ ಬಿತ್ತು. ಅವರು ಹುಳುಕು ಹಲ್ಲಿಗೆ ತುಂಬುವ ವಸ್ತುಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಎರಡು ವರ್ಷದ ಮಟ್ಟಿಗೆ ಬಾ ಎಂದರು, ಹೋದೆ. ಮಗಳು ಆಗಷ್ಟೇ ಶಾಲೆಗೆ ಸೇರಿದ್ದಳು, ಅದನ್ನು ಬಿಡಿಸುವುದು ಬೇಡವೆಂದು ಅವಳನ್ನೂ ಹೆಂಡತಿಯನ್ನೂ ನಾಸಿಕದ ಪಂಚವಟಿಯಲ್ಲಿ, ಒಂದೇ ಅಂಗಳದ ಸುತ್ತ ನಾಲ್ಕಾರು ಸಂಸಾರಗಳಿದ್ದ ಬಾಡಿಗೆ ವಾಡೆಯಲ್ಲೇ ಇರಿಸಿದೆ.

ಕೆಲಸ ಹೀಗಿತ್ತು. ಬೆಳ್ಳಿಯ ಪುಡಿಯನ್ನೂ ಪಾದರಸವನ್ನೂ ಗಾಜಿನ ಪುಟ್ಟ ಒರಳಿನಲ್ಲಿ ಅರೆಯಬೇಕು. ಬೆಣ್ಣೆಯ ಹದಕ್ಕೆ ಬಂದಾಗ ಬಟ್ಟೆಯಲ್ಲಿ ಹಾಕಿ ಹಿಂಡಿ, ಹೆಚ್ಚಾದ ಪಾದರಸ ತೆಗೆಯಬೇಕು. ಕಿತ್ತ ಹಲ್ಲಿನಲ್ಲಿ ಗುಳಿ ಕೊರೆದು ಅದನ್ನು ತುಂಬಬೇಕು. ಇನ್ನೊಂದು ಹಲ್ಲಿಗೆ, ಹಲ್ಲಿನ ಬಣ್ಣದ್ದೇ ಆದ ಬಿಳಿ ಸಿಮೆಂಟು. ಎರಡನ್ನೂ ಬಣ್ಣದ ನೀರಿನಲ್ಲಿ ಮುಳುಗಿಸಿಟ್ಟು, ಕೆಲವು ದಿನಗಳ ಮೇಲೆ ತೆಗೆದು ನಡುವೆ ಕೊಯ್ದು, ತುಂಬಿದ್ದಕ್ಕೂ ಹಲ್ಲಿಗೂ ನಡುವಿನ ಸಂದಿಯಲ್ಲಿ ಬಣ್ಣ ಎಷ್ಟು ಆಳಕ್ಕೆ ಇಳಿದಿದೆ ಎಂದು ಮಸೂರದಲ್ಲಿ ನೋಡಬೇಕು. ಬಣ್ಣ ಇಳಿದ ದಾರಿಯಲ್ಲೇ ನಾಳೆ ಹುಳುಕೂ ಇಳಿಯುತ್ತದೆ. ಇಷ್ಟೇ ನಮ್ಮ ಶಾಸ್ತ್ರ.

ಡಾಕ್ಟರು ಮೊದಲ ದಿನವೇ ಎರಡು ನಿಯಮ ಹೇಳಿದ್ದರು. ರಿಜಿಸ್ಟರಿನಲ್ಲಿ ಯಾರ ಹೆಸರೂ ಬರಬಾರದು, ನಂಬರು ಮಾತ್ರ. ಇನ್ನೊಂದು, ಹಲ್ಲಿನ ಎಡ ಬಲವನ್ನು ನೋಡುವವರ ಕಡೆಯಿಂದ ಬರೆಯಕೂಡದು. ಆ ಹಲ್ಲು ಯಾರ ಬಾಯಲ್ಲಿತ್ತೋ ಅವರ ಎಡವೇ ಎಡ, ಅವರ ಬಲವೇ ಬಲ. ಕಾರ್ಖಾನೆಯಿಂದ ಬಂದವನಿಗೆ ಇದು ವಿಚಿತ್ರ. ಕಬ್ಬಿಣದ ತುಂಡಿಗೆ ತನ್ನದೊಂದು ಎಡಗಡೆ ಇರುತ್ತದೆಯೇ? ತಿಂಗಳೊಪ್ಪತ್ತು ತಪ್ಪಿ ತಪ್ಪಿ ಬೈಸಿಕೊಂಡು ಕಲಿತೆ. ಕಲಿತ ಮೇಲೆ ಬೇರೆಯವರಿಗೆ ಪಾಠ ಹೇಳುವಷ್ಟು ಸೊಕ್ಕೂ ಬಂತು.

ನಮ್ಮಲ್ಲಿ ಕೆಟ್ಟ ಹಲ್ಲಿಗೆ ಬರವಿರಲಿಲ್ಲ. ಬೇಕಾಗಿದ್ದದ್ದು ಹೋಲಿಕೆಗೆ ಒಳ್ಳೆಯ ಹಲ್ಲು, ಅದರಲ್ಲೂ ಮಕ್ಕಳ ಹಾಲುಹಲ್ಲು. ಒಳ್ಳೆಯ ಹಲ್ಲನ್ನು ಯಾರು ಕೀಳಿಸಿಕೊಳ್ಳುತ್ತಾರೆ? ತಾನಾಗಿ ಬಿದ್ದದ್ದನ್ನು ಮನೆಯವರು ಕೊಡುವುದಿಲ್ಲ, ಅದಕ್ಕೆ ಬೇರೆ ಗತಿಯಿದೆ. ನಮ್ಮ ಕಡೆ ಮಗುವಿನ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆಯ ಮೇಲೆ ಒಗೆಯುತ್ತಾರೆ. ಒಗೆದರೆ ಹೊಸ ಹಲ್ಲು ನೆಟ್ಟಗೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಹೀಗಾಗಿ ಸಾಲು ಸಾಲು ಬಾಟಲಿಗಳಲ್ಲಿ ಒಳ್ಳೆಯ ಹಾಲುಹಲ್ಲು ನಾಲ್ಕೋ ಐದೋ ಇದ್ದವು. ಡಾಕ್ಟರು ಅವನ್ನು ಮುತ್ತಿನ ಹಾಗೆ ಕಾಯುತ್ತಿದ್ದರು.

ನನ್ನ ಮಗಳ ಬಾಯಲ್ಲಿ ಒಂದೂ ಹುಳುಕಿರಲಿಲ್ಲ. ಇರಲು ನಾನು ಬಿಟ್ಟರೆ ತಾನೆ! ಈ ಕೆಲಸಕ್ಕೆ ಸೇರಿದ ಮೇಲೆ ಮನೆಯೊಳಗೆ ಪೆಪ್ಪರ್‌ಮಿಂಟ್ ಬರಕೂಡದೆಂದು ಕಟ್ಟಪ್ಪಣೆ ಮಾಡಿದ್ದೆ. ಓರಗೆಯ ಮಕ್ಕಳು ಅಂಗಡಿಯ ಮುಂದೆ ಬಾಯಿ ಕೆಂಪು ಮಾಡಿಕೊಂಡು ನಿಂತಿದ್ದರೆ ಇವಳು ದೂರ ನಿಂತು ನೋಡುತ್ತಿದ್ದಳಂತೆ. ಪ್ರತಿ ಶನಿವಾರ ಮನೆಗೆ ಹೋಗುವಾಗ ಬಸ್ಸು ನಿಫಾಡಿನಲ್ಲಿ ನಿಂತರೆ ಅವಳಿಗೆಂದು ದ್ರಾಕ್ಷಿ ಕೊಳ್ಳುತ್ತಿದ್ದೆ, ಅದನ್ನು ತಿಂದ ಮೇಲೂ ಮೂರು ಸಲ ಬಾಯಿ ಮುಕ್ಕಳಿಸಬೇಕು. ಅವಳು ಮುಕ್ಕಳಿಸುತ್ತಿದ್ದಳು. ಹೇಳಿದ ಮಾತು ಕೇಳುವ ಕೂಸು.

ಅಂಥ ಒಂದು ಶನಿವಾರ ಸಂಜೆ ವಾಡೆಯ ಬಾಗಿಲಿಗೆ ಬರುವಷ್ಟರಲ್ಲಿ ಓಡಿಬಂದಳು. “ಅಪ್ಪಾ, ಮಾಝಾ ದಾತ ಪಡಲಾ!” ಎಂದು ಮರಾಠಿಯಲ್ಲೇ ಹೇಳಿ, ಕೆಳಸಾಲಿನ ಮುಂದಿನ ಕಿಂಡಿ ತೋರಿಸಿದಳು. ಬಿದ್ದ ಹಲ್ಲನ್ನು ಅವಳ ತಾಯಿ ಒಂದು ಕಾಗದದಲ್ಲಿ ಕಟ್ಟಿಟ್ಟಿದ್ದಳು. ಮರುದಿನ ಬೆಳಿಗ್ಗೆ ಗೌಳಿಯ ಮನೆಯಿಂದ ಸಗಣಿ ತಂದು ಹೆಂಚಿನ ಮೇಲೆ ಒಗೆಯಬೇಕೆಂದು, ನಾನು ಬರಲೆಂದು ಕಾದಿದ್ದಳು. ನಾನು ಕಾಗದ ಬಿಚ್ಚಿದೆ. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕಲೆಯಿಲ್ಲ, ಹುಳುಕಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಚಿಕ್ಕ ಮುಕ್ಕು. ನಾಲ್ಕು ವರ್ಷದವಳಿದ್ದಾಗ ವಾಡೆಯ ಮೆಟ್ಟಿಲ ಮೇಲೆ ಬಿದ್ದು ಮಾಡಿಕೊಂಡದ್ದು. ನನಗೆ ಮಗಳ ಹಲ್ಲು ಕಾಣಲಿಲ್ಲ. ನಮ್ಮ ಬಾಟಲಿಗೆ ಒಂದು ಒಳ್ಳೆಯ ಹಲ್ಲು ಸಿಕ್ಕಿತು ಎನ್ನುವುದಷ್ಟೇ ಕಂಡಿತು.

ಹೆಂಡತಿ ಒಪ್ಪಲಿಲ್ಲ. ನಾನು ನಗೆಯಾಡಿದೆ. ಔರಂಗಾಬಾದಿನಲ್ಲೂ ಮಾಳಿಗೆ ಇದೆ, ಅಲ್ಲಿ ಒಗೆದೆ ಎಂದುಕೋ ಎಂದೆ. ಕಲಿತವರಿಗೆ ಏನು ಹೇಳಿದರೂ ಕೋಣನ ಮುಂದೆ ಕಿನ್ನರಿ ಎಂದು ಗೊಣಗಿ ಆಕೆ ಒಲೆಯ ಕಡೆ ಹೋದಳು. ಮಗಳಿಗೆ ಮಾತ್ರ ಇದು ಬಲು ಖುಷಿ. ತನ್ನ ಹಲ್ಲು ಪರೀಕ್ಷೆಗೆ ಕೂರಲು ಔರಂಗಾಬಾದಿಗೆ ಹೋಗುತ್ತಿದೆಯೆಂದು ವಾಡೆಯಲ್ಲೆಲ್ಲ ಸಾರಿಬಂದಳು. ಮುಂದಿನ ಶನಿವಾರದಿಂದ ನಾನು ಚೀಲ ಇಳಿಸುವ ಮೊದಲೇ ಒಂದೇ ಪ್ರಶ್ನೆ, ಹಲ್ಲು ಪಾಸಾಯಿತೇ?

ರಿಜಿಸ್ಟರಿನಲ್ಲಿ ಅವಳದು ಐವತ್ತಾರನೆಯ ನಂಬರು. “ಕೆಳಗಿನ ಮುಂಬಲ್ಲು, ಹುಳುಕಿಲ್ಲ, ಎಡ ಮೂಲೆ ಮುಕ್ಕು” ಎಂದು ನಾನೇ ಬರೆದೆ. ಡಾಕ್ಟರಿಗೆ ಯಾರದೆಂದು ಹೇಳಲಿಲ್ಲ, ನಿಯಮ ನಿಯಮವೇ. ಬೆಳ್ಳಿ ಅರೆದು ತುಂಬಿದೆ, ಬಣ್ಣದಲ್ಲಿ ಮುಳುಗಿಸಿದೆ, ಕೊಯ್ದೆ. ಬಣ್ಣ ಒಂದು ಕೂದಲೆಳೆಯಷ್ಟೂ ಒಳಗೆ ಇಳಿದಿರಲಿಲ್ಲ. ಅಷ್ಟು ಚೊಕ್ಕ ಕೆಲಸ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಫಸ್ಟ್ ಕ್ಲಾಸ್ ಎಂದು ಹೇಳಿದಾಗ ಅವಳು ಅಂಗಳದಲ್ಲಿ ಕುಣಿದಳು. ಹೊಸ ಹಲ್ಲು ಇನ್ನೂ ಬಂದಿರಲಿಲ್ಲ. ಅವಳ ತಾಯಿ ಅವಳ ಗಲ್ಲ ಹಿಡಿದೆತ್ತಿ ಆ ಕಿಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು.

ಯುಗಾದಿಯಾಗಿ ಕೆಲವು ದಿನಕ್ಕೆ ಅವಳಿಗೆ ಜ್ವರ ಬಂತು. ಮುದ್ದತಿ ಜ್ವರ, ಅಂದರೆ ಟೈಫಾಯಿಡ್; ಇಳಿಯುತ್ತದೆ ಎಂದು ಅಲ್ಲಿನ ವೈದ್ಯರು ಹೇಳಿದ್ದರಂತೆ. ತಂತಿ ನನ್ನ ಕೈ ಸೇರಿ, ವೈಜಾಪುರ ಯೇವಲಾ ದಾಟಿ ನಾನು ನಾಸಿಕ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಕೊಡಲು ನನಗಾಗಿ ಕಾದಿದ್ದರು. ತುಟಿ ಸ್ವಲ್ಪ ತೆರೆದಿತ್ತು, ಕಿಂಡಿ ಹಾಗೇ ಇತ್ತು. ನಾನು ಅಳಲಿಲ್ಲ. ಅಳು ಬರಲಿಲ್ಲ ಎನ್ನುವುದೇ ನಿಜ. ಕುಣಿಯಲ್ಲಿ ಮಣ್ಣು ಹಾಕುವಾಗಲೂ, ಒಂದೇ ಒಂದು ಪೆಪ್ಪರ್‌ಮಿಂಟ್ ಕೊಡಿಸಬಹುದಿತ್ತಲ್ಲ ಎಂದು ಯೋಚಿಸುತ್ತ ಗೊಂಬೆಯ ಹಾಗೆ ನಿಂತಿದ್ದೆ.

ಹನ್ನೊಂದನೆಯ ದಿನ ನಾನು ಕೆಲಸಕ್ಕೆ ಹೊರಟಾಗ ಹೆಂಡತಿ ಬಾಗಿಲಿಗೆ ಬಂದಳು. ಅಷ್ಟು ದಿನದಲ್ಲಿ ಆಕೆ ನನ್ನೊಡನೆ ಆಡಿದ ಮೊದಲ ಮಾತು ಅದು.

“ಅಕೀ ಹಲ್ಲು ತಂದುಕೊಡ್ರಿ. ಮ್ಯಾಲ ಒಗೀಬೇಕು. ಅಕೀದೊಂದು ಕೆಲಸ ಉಳದದ.”

ತರುತ್ತೇನೆ ಎಂದೆ. ಎಲ್ಲಿಂದ ತರಲಿ? ಕೊಯ್ದ ಎರಡು ಹೋಳುಗಳಲ್ಲಿ ಒಂದನ್ನು ಮಸೂರಕ್ಕೆಂದು ಕಾಗದಕ್ಕಿಂತ ತೆಳ್ಳಗೆ ಉಜ್ಜಿದ್ದೆ. ಉಜ್ಜಿ ಉಜ್ಜಿ ಅದು ಕಲ್ಲಿನ ಮೇಲಿನ ನೀರಿನಲ್ಲಿ ಬಿಳಿ ಗಸಿಯಾಗಿ ಹರಿದುಹೋಗಿ, ಉಳಿದ ಪೊರೆಯೂ ಗಾಜಿಗೆ ಅಂಟಿಸುವಾಗ ಪುಡಿಯಾಗಿತ್ತು. ಇನ್ನೊಂದು ಹೋಳು ಉಳಿದಿರಬಹುದೆಂದು ಬಸ್ಸಿನಲ್ಲಿ ಉದ್ದಕ್ಕೂ ಆಸೆಪಟ್ಟೆ. ಆದರೆ ಕೆಲಸ ಮುಗಿದ ಚೂರುಗಳನ್ನೆಲ್ಲ ಶನಿವಾರ ಮಧ್ಯಾಹ್ನ ಹಿತ್ತಲಿನ ಗುಂಡಿಗೆ ಸುರಿಯುವುದು ನನ್ನದೇ ಪದ್ಧತಿ. ಬಸ್ಸು ತಪ್ಪಬಾರದೆಂದು, ಮಗಳಿಗೆ ಫಸ್ಟ್ ಕ್ಲಾಸ್ ಸುದ್ದಿ ಹೇಳಬೇಕೆಂದು, ಆ ಶನಿವಾರ ತಟ್ಟೆಯನ್ನು ಒಂದೇ ಸಲಕ್ಕೆ ಬೋರಲು ಹಾಕಿ ಓಡಿದ್ದೆ. ಗುಂಡಿಯ ಹತ್ತಿರ ಮಂಡಿಯೂರಿ ಬರಿಗೈಯಲ್ಲಿ ಕೆದಕಿದೆ. ಅಲ್ಲಿ ನೂರಾರು ಚೂರುಗಳು, ಎಲ್ಲವೂ ಮಣ್ಣಿನ ಬಣ್ಣ. ಎಷ್ಟು ಹೊತ್ತು ಕೆದಕಿದೆನೋ. ಡಾಕ್ಟರು ಕಿಟಕಿಯಿಂದ ನೋಡಿ ಒಳಗೆ ಸರಿದರು.

ಆ ವಾರ ನಾನು ಮಾಡಿದ್ದನ್ನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ. ಉಳಿದ ಒಳ್ಳೆಯ ಹಾಲುಹಲ್ಲುಗಳಲ್ಲಿ ಕೆಳಗಿನ ಮುಂಬಲ್ಲು ಒಂದಿತ್ತು, ಅಷ್ಟೇ ಉದ್ದ, ಅಷ್ಟೇ ಬಿಳುಪು. ಅದನ್ನು ಬಾಟಲಿಯಿಂದ ತೆಗೆದೆ. ಅದರ ನಂಬರಿನ ಮುಂದೆ “ಕೊಯ್ಯುವಾಗ ಒಡೆಯಿತು” ಎಂದು ಬರೆದೆ. ಆ ರಿಜಿಸ್ಟರಿನಲ್ಲಿ ನಾನು ಬರೆದ ಮೊದಲ ಸುಳ್ಳು ಅದು. ಮುಕ್ಕು ಬೇಕಲ್ಲ? ಐವತ್ತಾರನೆಯ ನಂಬರು ತೆರೆದು ಓದಿದೆ, ಎಡ ಮೂಲೆ ಎಂದಿತ್ತು. ಹಲ್ಲನ್ನು ಮುಖದೆದುರು ಹಿಡಿದು, ಸಣ್ಣ ಅರದಿಂದ ಎಡ ಮೂಲೆಯನ್ನು ತಿಕ್ಕಿದೆ. ಹೊಸ ಗಾಯದಂತೆ ಕಾಣಬಾರದೆಂದು ಅಂಚನ್ನು ನುಣುಪು ಮಾಡಿದೆ. ನನ್ನ ಕೈ ಎಂದಿನಂತೆ ನಡುಗಲಿಲ್ಲ. ಆ ಕೈಯನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಶನಿವಾರ ಸಂಜೆ ಹೋಗಿ, ಕಾಗದದ ಪೊಟ್ಟಣವನ್ನು ಆಕೆಯ ಕೈಗಿಟ್ಟೆ. ಆಕೆ ಅದನ್ನು ದೇವರ ಮುಂದಿಟ್ಟಳು, ಬಿಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಗೌಳಿಯ ಮನೆಯಿಂದ ಸಗಣಿ ತಂದು ಅಂಗಳದಲ್ಲಿ ಕುಳಿತಳು. ಪೊಟ್ಟಣ ಬಿಚ್ಚಿ ಹಲ್ಲನ್ನು ಅಂಗೈ ಮೇಲೆ ಇಟ್ಟುಕೊಂಡಳು. ಮಗಳ ಬಾಯಲ್ಲಿ ಇದ್ದ ಹಾಗೆ ಅಂಚು ಮೇಲಾಗಿ ಅದನ್ನು ಎರಡು ಬೆರಳಲ್ಲಿ ಹಿಡಿದು, ಎದುರಿಗೆ ಯಾರೋ ಕೂತು ನಗುತ್ತಿದ್ದಾರೆ ಎಂಬಂತೆ ನೋಡಿದಳು. ಬಹಳ ಹೊತ್ತು ನೋಡಿದಳು.

“ಮುಕ್ಕು ಈ ಕಡೀ ಇರಲಿಲ್ಲರೀ,” ಎಂದಳು.

ಆಗ ಹೊಳೆಯಿತು. ರಿಜಿಸ್ಟರಿನ ಎಡ ಮಗಳ ಎಡ. ಎದುರಿಗೆ ಕೂತು ನೋಡುವವರಿಗೆ ಅದು ಬಲ. ತಿಂಗಳೊಪ್ಪತ್ತು ಬೈಸಿಕೊಂಡು ಕಲಿತ ಪಾಠ, ಬೇರೆಯವರಿಗೆ ಹೇಳಿಕೊಡುತ್ತಿದ್ದ ಪಾಠ, ನನ್ನ ಸ್ವಂತ ಮಗಳ ಹಲ್ಲಿನ ಹತ್ತಿರ ತಪ್ಪಿಹೋಗಿತ್ತು. ಆಕೆಗೆ ರಿಜಿಸ್ಟರು ಬೇಕಿರಲಿಲ್ಲ. ಹಲ್ಲು ಮುಕ್ಕಾದ ಮೇಲೆ ಎರಡು ವರ್ಷ ದಿನಾ ಎದುರಿಗೆ ಕೂರಿಸಿಕೊಂಡು ತುತ್ತು ಕೊಟ್ಟವಳು. ನಾನು ಅದೇ ಹಲ್ಲನ್ನು ಮಸೂರದಲ್ಲಿ ನೋಡಿದಷ್ಟು ಹೊತ್ತು ಮಗಳ ಮುಖದಲ್ಲಿ ನೋಡಿರಲಿಲ್ಲ. ಗುಂಡಿಯ ವಿಷಯ ಹೇಳುವ ಪ್ರಸಂಗ ಬರಲಿಲ್ಲ.

ಆಕೆ ಕೇಳಲೂ ಇಲ್ಲ. ಬೈಯುತ್ತಾಳೆ, ಮುಖದ ಮೇಲೆ ಎಸೆಯುತ್ತಾಳೆ ಎಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ಸಗಣಿಯ ಉಂಡೆಯಲ್ಲಿ ಆ ಹಲ್ಲನ್ನು ಇಟ್ಟು, ಹೋಳಿಗೆಯ ಹೂರಣ ಮುಚ್ಚುವ ಹಾಗೆ ನಿಧಾನವಾಗಿ ಮುಚ್ಚಿದಳು. ಎದ್ದು ನಿಂತಳು.

“ಇದು ಯಾವ ಕೂಸಿಂದೋ ಏನೋ. ಅದರದೂ ಯಾರೂ ಒಗೆದಿಲ್ಲ. ಅದಕ್ಕರೆ ಛಲೋ ಹಲ್ಲು ಬರಲಿ.”

ಹೆಂಚಿನ ಮೇಲೆ ಒಗೆದಳು. ಉಂಡೆ ಜಾರದೆ ಅಲ್ಲೇ ಅಂಟಿಕೊಂಡಿತು. ಆಕೆ ತಂಬಿಗೆಯಿಂದ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ನಾನು ಅಂಗಳದಲ್ಲಿ ಕುಸಿದು ಕೂತು ಅತ್ತೆ. ಸುತ್ತಲಿನ ಮನೆಗಳವರು ಬಾಗಿಲಿಗೆ ಬಂದು ನೋಡುತ್ತಿದ್ದರು, ಆದರೂ ಅತ್ತೆ. ಒಳಗಿನಿಂದ ಆಕೆ ಚಹಾಕ್ಕೆ ಕರೆಯುವವರೆಗೂ ಅಳುತ್ತಲೇ ಇದ್ದೆ.