ಬಿಸಿಯಾಗುವ ತನಕ ಐದು ನಿಮಿಷ

ನನ್ನ ಕಾರು ಬೆಳಗ್ಗೆ ಮೊದಲ ಐದು ನಿಮಿಷ ಸರಿಯಾಗಿ ಓಡುವುದಿಲ್ಲ. ಇದನ್ನು ನಾನೇ ಹೇಳುತ್ತಿದ್ದೇನೆ, ಯಾರೂ ನನ್ನ ಬಾಯಿ ಬಿಡಿಸಬೇಕಾಗಿಲ್ಲ. ಕ್ಲಚ್ಚಿಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಹಳೆಯ ಆಟೋಮ್ಯಾಟಿಕ್ ಗಾಡಿ ಅದು. ಮಾಗಿ ಚಳಿಯಲ್ಲಿ ಅಂಗಳದಲ್ಲಿ ನಿಂತೂ ನಿಂತೂ ಗೇರ್‌ಬಾಕ್ಸಿನ ಆಯಿಲ್ ಮಂದವಾಗಿರುತ್ತದೆ. ‘ಡಿ’ಗೆ, ಅಂದರೆ ಮುಂದೆ ಓಡುವ ಗೇರಿಗೆ, ಹಾಕಿದರೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಧಡಕ್ಕೆಂದು ಎಗರುತ್ತದೆ. ಒಂದನೇ ಗೇರಿನಿಂದ ಎರಡನೆಯದಕ್ಕೆ ಹೋಗುವಾಗ ಬೆನ್ನಿಗೆ ಯಾರೋ ಗುದ್ದಿದ ಹಾಗಾಗುತ್ತದೆ. ಬಿಸಿಯಾದ ಮೇಲೆ ಯಾವ ತಂಟೆಯೂ ಇಲ್ಲ. ಕಾಫಿ ಕುಡಿಯುವ ಮುಂಚೆ ನಮ್ಮ ಮನೆಯ ಗಂಡಸರನ್ನು ಒಮ್ಮೆ ಮಾತಾಡಿಸಿ ನೋಡಿ, ಗಾಡಿಯೇ ವಾಸಿ ಅನ್ನಿಸುತ್ತದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ಮನೆ ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದ ಪಕ್ಕದ ಹಳ್ಳಿ, ಶಾಲೆ ಪಾಂಡವಪುರದ ಕಡೆ. ಸ್ಕೂಟರಿನಿಂದ ಬಿದ್ದು ಎಡಗಾಲು ಮುರಿದಾಗ ಒಳಗೆ ರಾಡು ಹಾಕಿದರು. ನಡೆಯುತ್ತೇನೆ, ಆದರೆ ಕ್ಲಚ್ಚು ತುಳಿಯಲಾರೆ. ಬಸ್ಸಿಗೆ ಹೋದರೆ ಎರಡು ಕಡೆ ಹತ್ತಿ ಇಳಿಯಬೇಕು, ನಾನು ಎರಡನೇ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಕಂಡಕ್ಟರು ‘ರೈಟ್’ ಅಂದಿರುತ್ತಾನೆ. ಅದಕ್ಕೇ ನನ್ನ ದುಡಿಮೆಯಲ್ಲಿ, ನನ್ನ ಹೆಸರಿಗೆ ಈ ಗಾಡಿ ತಂದದ್ದು. ಇದು ಇದ್ದರೆ ನನಗೆ ನೌಕರಿ ಉಂಟು, ಇಲ್ಲದಿದ್ದರೆ ಇಲ್ಲ.

ಶ್ರೀರಂಗಪಟ್ಟಣದ ಮೆಕ್ಯಾನಿಕ್ ಸಾಬರು ಗೇರ್‌ಬಾಕ್ಸಿನ ಆಯಿಲ್ ಬದಲಿಸಿಕೊಟ್ಟು ಒಂದು ಮಾತು ಹೇಳಿದ್ದರು. “ಅರ್ಧ ರೋಗ ಹೋಯ್ತಮ್ಮಾ. ಬಾಕಿ ಅರ್ಧಕ್ಕೆ ಸಬರ್ ಬೇಕು, ತಾಳ್ಮೆ. ಸ್ಟಾರ್ಟ್ ಮಾಡಿ, ಇಂಜಿನ್ ಸ್ಪೀಡ್ ತೋರ್ಸೋ ಮುಳ್ಳು ಕೆಳಗಿಳಿಯೋವರ್ಗೂ ಸುಮ್ನೆ ಕೂತ್ಕಳಿ. ಆಮೇಲೆ ಬ್ರೇಕ್ ತುಳ್ಕಂಡು ಡಿ ಹಾಕಿ. ಮೊದಲ್ನೇ ಮೈಲಿ ಮೆಲ್ಲಗೆ ಹೋಗಿ.” ನಾನು ಹಾಗೇ ಮಾಡುತ್ತಿದ್ದೆ.

ಆದರೆ ನಮ್ಮ ಮನೆಯ ಎದುರಿಗೇ ಹಾಲಿನ ಡೈರಿ. ನಾನು ಹೊರಡುವ ಏಳು ಗಂಟೆಗೆ ಅರ್ಧ ಊರು ಕ್ಯಾನು ಹಿಡಿದು ಅಲ್ಲೇ ಸಾಲಾಗಿ ನಿಂತಿರುತ್ತದೆ. ನಮ್ಮ ಕಡೆ ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಸುಮ್ಮನೆ ಕೂರುವುದೆಂದರೆ ಮಾನ ಹೋದ ಹಾಗೆ.

“ಮೇಡಮ್ನೋರ್ ಗಾಡಿಗೆ ಇನ್ನೂ ಆಕಳಿಕೆ ನಿಂತಿಲ್ಲ ಕಣ್ಲಾ!”

“ಒಂದ್ ಲೋಟ ಆಲು ಕುಡಿಸ್ರವ್ವ, ಎದ್ದೇಳ್ತದೆ!”

“ಕುಡಿಸ್ತೀನಿ, ನಿಮ್ಮ ಕ್ಯಾನಿಂದು ಮಾತ್ರ ಬೇಡ,” ಅನ್ನುತ್ತಿದ್ದೆ. “ಇಂಜಿನ್ನಿಗೆ ನೀರು ಸೇರ್ಕೊಂಡ್ರೆ ಕಷ್ಟ!”

ಅವರ ತಮಾಷೆ ನನಗೆ ನಾಟುತ್ತಿರಲಿಲ್ಲ. ನಾಟುತ್ತಿದ್ದದ್ದು ಜಗುಲಿಯ ಮೇಲೆ ಕೂತ ನಮ್ಮ ಭಾವನ ಮಾತು. ಇವರು ನನ್ನ ಗಂಡನ ಅಣ್ಣ, ಮಾವನವರು ತೀರಿಕೊಂಡ ಮೇಲೆ ಮನೆಯ ಯಜಮಾನರು. ಹುಡುಗುತನದಿಂದ ಟ್ರಾಕ್ಟರು ಓಡಿಸಿದವರು. ಚಳಿಯಲ್ಲಿ ಟ್ರಾಕ್ಟರಿಗೆ ಮೊದಲು ಊರೆಲ್ಲ ಕೇಳುವಂತೆ ರೇಸ್ ಕೊಟ್ಟು, ಅದು ಹೊಗೆ ಕಕ್ಕಿದ ಮೇಲೆ ಗೇರಿಗೆ ಹಾಕುವುದು ಅವರ ಪದ್ಧತಿ. ಒಂದು ಗುರುವಾರ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿರುವಾಗ ಕೀ ಎತ್ತಿಕೊಂಡು ಹೋಗಿ ಕೂತೇಬಿಟ್ಟರು.

“ಇದುಕ್ಕೆ ರೇಸ್ ಕೊಡಬೇಕು ಕಣಮ್ಮ. ಇಂಗೆ ಮುದ್ದು ಮಾಡುದ್ರೆ ಆಯ್ತದಾ?”

“ಬೇಡ ಭಾವ, ಬೇಡ!” ಅಂತ ಸೌಟು ಹಿಡಿದೇ ಓಡಿಬಂದೆ. ಅಷ್ಟರಲ್ಲಿ ಇಂಜಿನ್ನು ಕಿರುಚುತ್ತಿತ್ತು. ಹಾಗೆ ಕಿರುಚುತ್ತಿರುವಾಗಲೇ ‘ಡಿ’ಗೆ ಎಳೆದರು. ಗಾಡಿ ಅಂಗಳ ದಾಟಿ ತಿಪ್ಪೆಗೆ ನುಗ್ಗಿ, ದೀಪ ಮುಚ್ಚುವವರೆಗೆ ಹೂತುಕೊಂಡಿತು. ಡೈರಿಯ ಸಾಲಿನವರು ಕ್ಯಾನು ಕೆಳಗಿಟ್ಟು ನಕ್ಕರು. ಭಾವ ಇಳಿದು ಪಂಚೆಗೆ ಮೆತ್ತಿದ ಗೊಬ್ಬರ ಕೊಡವಿಕೊಂಡು, “ಈ ಗಾಡಿ ಎಕ್ಕುಟ್ಟೋಗೈತೆ. ಮಾರಾಕು,” ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ನನ್ನ ಗಂಡ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರರು, ಶನಿವಾರ ಮನೆಗೆ ಬರುವವರು. ಅವತ್ತು ಸಂಜೆಯೇ ಅವರ ಫೋನು ಬಂತು.

“ಭಾನುವಾರ ನಾಗಮಂಗಲದಿಂದ ಯಾರೋ ಗಾಡಿ ನೋಡಾಕೆ ಬರ್ತಾರಂತೆ. ಅಣ್ಣ ಏಳ್ತಾವ್ನೆ. ಸೈನ್ ಹಾಕ್ಬುಡು.”

“ಶಾಲೆಗೆ ಹೆಂಗೆ ಹೋಗ್ಲಿ?”

“ಸ್ವಲ್ಪ ದಿನ ರಜ ಹಾಕು. ಆಮೇಲೆ ನೋಡಾನ.”

ನಮ್ಮ ಮನೆಯಲ್ಲಿ ‘ನೋಡಾನ’ ಅಂದರೆ ಯಾರೂ ನೋಡುವುದಿಲ್ಲ ಅಂತ ಅರ್ಥ. ಮೈಯೆಲ್ಲ ಉರಿದುಹೋಯಿತು. ಆದರೂ ನಿಜ ಹೇಳುತ್ತೇನೆ, ಶನಿವಾರದ ಹೊತ್ತಿಗೆ ನನ್ನ ಧೈರ್ಯವೂ ಕರಗಿತ್ತು. ಗಾಡಿ ಹಳೆಯದು ತಾನೆ, ನಡುದಾರಿಯಲ್ಲಿ ಕೈಕೊಟ್ಟರೆ ಈ ಕಾಲು ಎಳೆದುಕೊಂಡು ಎಲ್ಲಿಗೆ ಹೋಗಲಿ, ಇವರು ಹೇಳುವುದೇ ಸರಿಯೋ ಏನೋ ಅನ್ನಿಸಿತು. ಸೈನ್ ಹಾಕಿಬಿಡುವುದು ಅಂತ ಮನಸ್ಸು ಮಾಡಿಕೊಂಡೆ.

ಭಾನುವಾರ ಬೆಳಗ್ಗೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಅಂಗಳದಲ್ಲಿ ನನ್ನ ಗಾಡಿಯ ಸದ್ದು ಕೇಳಿತು. ಕಿರುಚಾಟವಿಲ್ಲ, ಮೆತ್ತಗಿನ ಸದ್ದು. ಬಚ್ಚಲ ಕಿಟಕಿಯಿಂದ ಬಗ್ಗಿ ನೋಡಿದರೆ ನನ್ನ ಸೀಟಿನಲ್ಲಿ ಭಾವ! ತೊಡೆಯ ಮೇಲೆ ಕೈಯಿಟ್ಟುಕೊಂಡು, ಮುಳ್ಳು ಇಳಿಯುವುದನ್ನೇ ನೋಡುತ್ತ, ಪೂಜೆಗೆ ಕೂತವರ ಹಾಗೆ ಕೂತಿದ್ದರು. ಆಮೇಲೆ ಬ್ರೇಕ್ ತುಳಿದು ನಿಧಾನವಾಗಿ ‘ಡಿ’ಗೆ ಹಾಕಿ, ಮೆಲ್ಲಗೆ ಕೆರೆ ಏರಿಯ ತನಕ ಹೋಗಿ ಬಂದರು. ವಾಪಸು ಬಂದರೂ ಇಂಜಿನ್ನು ಆರಿಸಲಿಲ್ಲ. ಸಾಬರು ನನಗೆ ಹೇಳಿದ್ದು ಒಂದಕ್ಷರ ಬಿಡದೆ ಅವರಿಗೆ ಬರುತ್ತಿತ್ತು. ಗುರುವಾರದ ಪೆಟ್ಟಾದ ಮೇಲೆ, ಶುಕ್ರವಾರ, ಶನಿವಾರ ನಾನು ಕೂರುವುದನ್ನು ಜಗುಲಿಯಿಂದ ನೋಡಿ ನೋಡಿ ಕಲಿತಿದ್ದರು. ಅಂದರೆ ಗಾಡಿ ಕೆಟ್ಟಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾನು ಸೀರೆ ಸುತ್ತಿಕೊಳ್ಳುವಷ್ಟರಲ್ಲಿ ಗಿರಾಕಿ ಬಂದಾಗಿತ್ತು. ಎಳನೀರು ವ್ಯಾಪಾರದ ಮನುಷ್ಯ. ಒಂದು ಸುತ್ತು ಹೋಗಿ ಬಂದು, “ಬೆಣ್ಣೆ ಇದ್ದಂಗೈತಲ್ಲ ಗೌಡ್ರೇ!” ಅಂದ.

“ಮತ್ತೇನ್ ಅಂದ್ಕಂಡ್ರಿ? ಒಂದು ಕಂಪ್ಲೇಂಟಿಲ್ಲ,” ಅಂದರು ಭಾವ.

ತಲೆಗೆ ಟವೆಲ್ ಕಟ್ಟಿಕೊಂಡೇ ಅಂಗಳಕ್ಕಿಳಿದೆ. ಭಾವ ಮಾರಾಟದ ಕಾಗದ ಚಾಚಿದರು. ನಾನು ಅದನ್ನು ಮುಟ್ಟದೆ ಗಾಡಿಯೊಳಗೆ ಕೈಹಾಕಿ ಇಂಜಿನ್ನು ಆರಿಸಿ ಕೀ ತೆಗೆದುಕೊಂಡೆ.

“ಅಣ್ಣಾ, ಈ ಗಾಡಿ ತಣ್ಣಗಿರುವಾಗ ಎಗರುತ್ತೆ,” ಅಂತ ಬಂದವನಿಗೆ ಹೇಳಿದೆ. “ನಮ್ಮ ಭಾವ ನೀವು ಬರೋ ಮುಂಚೇನೇ ಬಿಸಿ ಮಾಡಿಟ್ಟಿದ್ದಾರೆ. ಇನ್ನೊಂದು ವಿಷಯ, ಗಾಡಿ ನನ್ನದು. ನಾನು ಮಾರಲ್ಲ.”

ಅವನು ನನ್ನನ್ನೂ ಭಾವನನ್ನೂ ನೋಡಿದ. “ಮನೇರೆಲ್ಲ ಒಂದ್ ಮಾತಾಗಿ ಆಮೇಲ್ ಕರೀರಿ ಗೌಡ್ರೇ,” ಎಂದು ಬೈಕು ಹತ್ತಿದ.

ಭಾವನ ಮುಖ ಕೆಂಪಗಾಯಿತು. “ಏಳ್ಲಾ ನಿನ್ನೆಂಡ್ತಿಗೆ!” ಅಂತ ತಮ್ಮನ ಮೇಲೆ ರೇಗಿದರು. ಶನಿವಾರ ಬಂದಿದ್ದ ನನ್ನ ಗಂಡ ಜಗುಲಿಯಲ್ಲಿ ಕಾಫಿ ಲೋಟದ ಮೇಲೆ ಇನ್ನಷ್ಟು ಬಗ್ಗಿದರು.

“ಅವರನ್ನ ಯಾಕೆ ಕೇಳ್ತೀರಿ? ನನ್ನನ್ನೇ ಕೇಳಿ,” ಅಂದೆ. “ಗಾಡಿ ಚೆನ್ನಾಗೈತೆ ಅಂತ ನಿಮಗೆ ಗೊತ್ತು. ನಿಮಗೆ ಬೇಡದೇ ಇರೋದು ನಾನು ಹೋಗೋದು. ಅದನ್ನ ಬಾಯಿಬಿಟ್ಟು ಹೇಳಿ.”

“ಊಂ, ಬ್ಯಾಡ!” ಅಂದರು ಭಾವ. “ಮನೆ ಸೊಸೆ ಒತ್ತಾರೆ ಎದ್ದು ಊರ ಮುಂದೆ ಕಾರ್ ಓಡುಸ್ಕಂಡ್ ಓದ್ರೆ, ಈ ಮನೇಲಿ ಗಂಡುಸ್ರು ಇಲ್ವಾ ಅಂತಾರೆ ಜನ. ನಂಗೆ ತಲೆ ಎತ್ತಾಕಾಯ್ತದಾ?”

ವಿಚಿತ್ರ ನೋಡಿ, ಆ ಮಾತು ಕೇಳಿ ನನಗೆ ಹಗುರವಾಯಿತು. ಇಷ್ಟು ದಿನ ಗಾಡಿಯಲ್ಲಿ ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತಿದ್ದೆನಲ್ಲ!

“ಜನ ಏನಾದ್ರೂ ಅನ್ನಲಿ ಭಾವ. ನಾಳೆಯೂ ಹೋಗ್ತೀನಿ, ನಾಡಿದ್ದೂ ಹೋಗ್ತೀನಿ,” ಅಂದು, ಕೀಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಒಳಗೆ ನಡೆದೆ.

ಸೋಮವಾರ ಚಳಿ ಜೋರಾಗಿತ್ತು. ಸ್ಟಾರ್ಟ್ ಮಾಡಿ ಕೂತೆ. ಡೈರಿಯ ಮುಂದೆ ಎಲ್ಲರೂ ಇದ್ದರು, ಭಾನುವಾರದ ಸುದ್ದಿ ಅವರಿಗೆಲ್ಲ ಮುಟ್ಟಿತ್ತು. ಭಾವ ಜಗುಲಿಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಮುಳ್ಳು ಇಳಿಯಿತು. ಬ್ರೇಕ್ ತುಳಿದು ‘ಡಿ’ಗೆ ಹಾಕಿದೆ. ಗಾಡಿ ಯಾವತ್ತಿನಂತೆ ಧಡಕ್ಕೆಂದು ಎಗರಿತು, ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಎಂಟೂವರೆಗೆ ವಿಶೇಷ ತರಗತಿ ಇತ್ತು. ಎಂಟೂಕಾಲಿಗೇ ನಾನು ಬೋರ್ಡಿನ ಮುಂದೆ ನಿಂತಿದ್ದೆ.