ಬೆಣ್ಣೆ ದಾರಿಯ ಮಾವಿಸ್

ಮಾವಿಸ್ ಗ್ರೇಸನ್ ಕಾನೂನು ಕಲಿತದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಕಲಿಯಬೇಕೆಂಬ ಆಸೆಯೇನೂ ಅವಳಿಗಿರಲಿಲ್ಲ. ಬ್ರಾಕನ್‌ಬಿಯ ಗುರುವಾರದ ಸಂತೆಯಲ್ಲಿ ನಲವತ್ತಾರು ವರ್ಷ ಚೀಸ್ ಮಾರಿದವಳಿಗೆ ಕಾನೂನು ಕಟ್ಟಿಕೊಂಡು ಆಗಬೇಕಾದ್ದೇನು? ಆದರೆ ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಅಕ್ಕನಿಗೆಂದು ಬಿಸಿ ಗಂಜಿಯ ಡಬ್ಬಿ ಹಿಡಿದು ಹೊರಟವಳಿಗೆ, ಬೆಣ್ಣೆ ದಾರಿಯ ಗೇಟಿಗೆ ಹೊಚ್ಚ ಹೊಸ ಬೀಗ ಬಿದ್ದಿರುವುದು ಕಂಡಿತು.

ಬೆಣ್ಣೆ ದಾರಿ ಸಂತೆಕಟ್ಟೆಯ ಹಿಂದಿನಿಂದ ಹೊರಟು, ಸ್ಟಬ್ಸ್ ಮನೆಯವರ ಹುಲ್ಲುಗಾವಲು ಹಾದು, ಹೊಳೆಯ ಮರದ ಸೇತುವೆ ದಾಟಿ ಲೋ ಎಂಡ್ ಸೇರುತ್ತದೆ. ಲೋ ಎಂಡಿನಲ್ಲಿ ಇರುವುದೇ ಹನ್ನೊಂದು ಮನೆ. ಹಿಂದೆ ಅಲ್ಲಿನ ಹೆಂಗಸರು ಬೆಣ್ಣೆಯ ಬುಟ್ಟಿ ಹೊತ್ತು ಇದೇ ದಾರಿಯಲ್ಲಿ ಸಂತೆಗೆ ಬರುತ್ತಿದ್ದರು. ನಡೆದರೆ ಹನ್ನೆರಡು ನಿಮಿಷ. ರಸ್ತೆಯಲ್ಲಿ ಸುತ್ತಿ ಹೋದರೆ ಎರಡೂವರೆ ಮೈಲಿ, ಬಸ್ಸಿಲ್ಲ, ಕಾಲಿಡಲು ಅಂಚೂ ಇಲ್ಲ, ಜಲ್ಲಿ ಲಾರಿಗಳು ಮೈಮೇಲೇ ಬರುತ್ತವೆ. ಮಾವಿಸ್‌ಗೆ ಕಾರು ಓಡಿಸಲು ಬಾರದು.

ಲೋ ಎಂಡಿನ ಕೊನೆಯ ಮನೆ ಅಕ್ಕ ಐವಿಯದು. ಲಕ್ವ ಹೊಡೆದು ಅವಳ ಎಡಗೈ ಎಡಗಾಲು ಬಿದ್ದುಹೋಗಿ ಎರಡು ವರ್ಷವಾಗಿತ್ತು. ಕೌನ್ಸಿಲ್ಲಿನಿಂದ ಬಂದ ಹೆಂಗಸು ಮುಚ್ಚುಮರೆಯಿಲ್ಲದೆ ಹೇಳಿದ್ದಳು: "ದಿನಕ್ಕೆರಡು ಸಲ ಯಾರಾದ್ರೂ ಬಂದು ನೋಡ್ಕೊಳ್ಳೋದಾದ್ರೆ ಮನೇಲಿರ್ಲಿ. ಇಲ್ದಿದ್ರೆ ವೃದ್ಧಾಶ್ರಮಕ್ಕೆ ಸೇರಿಸ್ಬೇಕಾಗುತ್ತೆ." ಆಶ್ರಮವೋ ನಲವತ್ತು ಮೈಲಿ ಆಚೆ. ಅಂದಿನಿಂದ ಮಾವಿಸ್ ಮಳೆಯಿರಲಿ ಹಿಮವಿರಲಿ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಐವಿಯ ಮನೆಗೇ ಹೋಗಿ ಇದ್ದುಬಿಡು ಎಂದು ಹೇಳಿದವರುಂಟು. ಅದಕ್ಕೆ ಐವಿಯೇ ಒಪ್ಪಲಿಲ್ಲ. "ನೀನು ಬಂದು ಇಲ್ಲಿ ಮಲಗಿದ್ರೆ ನಾನು ತೆವಳ್ಕೊಂಡಾದ್ರೂ ಹೋಗಿ ಹೊಳೆಗೆ ಬೀಳ್ತೀನಿ. ನಿನ್ನ ಗೊರಕೆ ಹದಿನೆಂಟು ವರ್ಷ ಕೇಳಿದ್ದು ಸಾಕು," ಎಂದಳು.

ಹೆರಾಲ್ಡ್ ಸ್ಟಬ್ಸ್ ತೀರಿಕೊಂಡ ಮೇಲೆ ಹುಲ್ಲುಗಾವಲನ್ನು ಕೊಂಡವನು ಲಾಂಗ್‌ಸ್ಟಾಫ್ ಎಂಬ ಕುದುರೆ ಸಾಕುವ ಮನುಷ್ಯ. ಕೆಟ್ಟವನೇನಲ್ಲ. ಮಾವಿಸ್ ಬಾಗಿಲು ಬಡಿದಾಗ ಒಳಗೆ ಕರೆದು ಚಹಾ ಕೊಟ್ಟ.

"ಜನ, ನಾಯಿ, ಸದ್ದು ಅಂದ್ರೆ ನನ್ನ ಕುದುರೆಗಳಿಗೆ ಆಗಲ್ಲಮ್ಮ. ಆದ್ರೆ ನಿಮ್ಮ ವಿಷಯ ಬೇರೆ. ನಿಮಗೊಬ್ಬರಿಗೆ ಕೀಲಿಕೈ ಕೊಡ್ತೀನಿ. ಇಲ್ಲೊಂದು ಸಹಿ ಹಾಕಿ, ಸಾಕು," ಎಂದು ಕಾಗದ ಮುಂದಿಟ್ಟ.

ಮಾವಿಸ್ ಕನ್ನಡಕ ಏರಿಸಿ ಓದಿದಳು. ಮಾಲೀಕರ ಅನುಮತಿಯ ಮೇರೆಗೆ ನಡೆಯುವುದು, ಆ ಅನುಮತಿಯನ್ನು ಯಾವಾಗ ಬೇಕಾದರೂ ಹಿಂದೆಗೆದುಕೊಳ್ಳಬಹುದು ಎಂದಿತ್ತು. ಯೋಚಿಸಿ ಹೇಳುತ್ತೇನೆ ಎಂದು ಅದನ್ನು ಮಡಚಿಕೊಂಡು, ರಸ್ತೆಯಲ್ಲೇ ಸುತ್ತಿ ಅಕ್ಕನ ಮನೆಗೆ ಹೋದಳು. ಗಂಜಿ ತಣ್ಣಗಾಗಿತ್ತು.

ಐವಿ ಕಾಗದವನ್ನು ಎರಡು ಸಲ ಓದಿಸಿಕೊಂಡಳು. "ಇವತ್ತು ಅವ್ನು ಕೊಡ್ತಾನೆ, ನಾಳೆ ಕುದುರೆ ಕೆಮ್ಮಿತು ಅಂತ ಕಿತ್ಕೋತಾನೆ. ಉಳಿದ ಹತ್ತು ಮನೆಯವರು ಏನ್ಮಾಡ್ಬೇಕು? ನಮ್ಮಮ್ಮ ನಡೆದ ದಾರಿ ಕಣೇ ಅದು. ಇದಕ್ಕೆ ಸಹಿ ಹಾಕಿದ್ಯೋ, ಮತ್ತೆ ನನ್ನ ಹೊಸ್ತಿಲು ತುಳೀಬೇಡ."

"ನಿನಗೋಸ್ಕರ ತಾನೇ ಅಕ್ಕಾ ನಾನು ಒದ್ದಾಡ್ತಿರೋದು!"

"ಒದ್ದಾಡು. ಸಹಿ ಮಾತ್ರ ಹಾಕ್ಬೇಡ."

ಸರಿ, ಮಾವಿಸ್ ಸಹಿ ಹಾಕಲಿಲ್ಲ. ಕೌನ್ಸಿಲ್ ಕಚೇರಿಗೆ ಹೋಗಿ ದಾರಿಗಳ ನಕ್ಷೆ ತೆಗೆಸಿದಳು. ಅದರಲ್ಲಿ ಬೆಣ್ಣೆ ದಾರಿಯೇ ಇಲ್ಲ! ನಲವತ್ತು ವರ್ಷಗಳ ಹಿಂದೆ ನಕ್ಷೆ ಬರೆಯುವಾಗ ಊರಿನ ದಾರಿಗಳನ್ನೆಲ್ಲ ಪಟ್ಟಿ ಮಾಡಿ ಕಳಿಸಿ ಎಂದು ಕೇಳಿದ್ದರಂತೆ. ನಮ್ಮ ಹಿರಿಯರು ಯಾವ ಯಾವುದೋ ಸಂದಿಗೊಂದಿಗಳನ್ನೆಲ್ಲ ಬರೆದು, ಬೆಣ್ಣೆ ದಾರಿ ಎಲ್ಲರಿಗೂ ಗೊತ್ತಿರುವುದೇ, ಅದನ್ನೇನು ಬರೆಯುವುದು ಎಂದು ಬಿಟ್ಟಿದ್ದರು. ಅವರ ಬುದ್ಧಿಗೆ ಏನೆನ್ನಬೇಕು!

ಕಚೇರಿಯ ಗುಮಾಸ್ತೆ ಒಂದು ಉಪಾಯ ತಿಳಿಸಿದಳು. ಜನ ಇಪ್ಪತ್ತು ವರ್ಷ ಕದ್ದುಮುಚ್ಚದೆ, ಬೀಗ ಬೇಲಿ ಮುರಿಯದೆ, ಯಾರ ಅಪ್ಪಣೆಯನ್ನೂ ಪಡೆಯದೆ ತಮ್ಮದೇ ಹಕ್ಕೆಂಬಂತೆ ನಡೆದಿದ್ದರೆ ಅದು ಊರಿನ ದಾರಿ ಎಂದಾಗುತ್ತದೆ. ಅದಕ್ಕೆ ಸಾಕ್ಷಿ ಬೇಕು. ಮಾವಿಸ್ ಚೀಸಿನ ಜೊತೆ ಸಾಕ್ಷಿ ಬರೆದುಕೊಡುವ ನಮೂನೆಯನ್ನೂ ಕಟ್ಟಿಕೊಡತೊಡಗಿದಳು. ತುಂಬಿ ತರದವರಿಗೆ ಮುಂದಿನ ವಾರ ಚೀಸಿಲ್ಲ. ಅಕ್ಟೋಬರ್ ಹೊತ್ತಿಗೆ ಐವತ್ತಮೂರು ಜನ ಬರೆದುಕೊಟ್ಟಿದ್ದರು, ಅದನ್ನೆಲ್ಲ ಅರ್ಜಿಯ ಜೊತೆ ಕೌನ್ಸಿಲ್ಲಿಗೆ ಸಲ್ಲಿಸಿದಳು. ಈ ಆರು ತಿಂಗಳೂ ಅವಳು ದಿನಕ್ಕೆರಡು ಸಲ ರಸ್ತೆಯಲ್ಲೇ ನಡೆದಳು. ಕೆಲವೊಮ್ಮೆ ಯಾರಾದರೂ ಕಾರಿನಲ್ಲಿ ಬಿಡುತ್ತಿದ್ದರು, ಹೆಚ್ಚಿನ ದಿನ ಕಾಲೇ ಗತಿ.

ಅಕ್ಟೋಬರಿನ ಕೊನೆಯಲ್ಲಿ ಲಾರಿಯೊಂದರ ಕನ್ನಡಿ ಭುಜಕ್ಕೆ ಬಡಿದು ಚರಂಡಿಗೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೊದಲು ಕೇಳಿದ್ದೇ "ಅಕ್ಕನಿಗೆ ಗಂಜಿ ಯಾರು ಕೊಟ್ರು?" ಎಂದು. ನಾಲ್ಕನೆಯ ದಿನ ಐವಿಯನ್ನು ವ್ಯಾನಿನಲ್ಲಿ ಆಶ್ರಮಕ್ಕೆ ಕರೆದೊಯ್ದರು. ಸುದ್ದಿ ಕೇಳಿ ಮಾವಿಸ್ ಗೋಡೆಯ ಕಡೆ ಹೊರಳಲೂ ಆಗದೆ ಎಲ್ಲರೆದುರಿಗೇ ಅತ್ತಳು. ಆ ಕೀಲಿಕೈ ತೆಗೆದುಕೊಂಡಿದ್ದರೆ ಅಕ್ಕ ತನ್ನ ಮನೆಯಲ್ಲೇ ಇರುತ್ತಿದ್ದಳು. ಆಸ್ಪತ್ರೆಯಲ್ಲಿದ್ದ ಏಳು ವಾರವೂ ಇದೊಂದೇ ಯೋಚನೆ ಅವಳನ್ನು ಕಿತ್ತು ತಿಂದಿತು.

ಅರ್ಜಿಗೆ ಲಾಂಗ್‌ಸ್ಟಾಫ್ ತಕರಾರು ಹಾಕಿದ್ದರಿಂದ ವಿಚಾರಣೆಯಾಯಿತು. ಅದು ನಡೆದದ್ದು ಮರುವರ್ಷದ ಮೇ ತಿಂಗಳಲ್ಲಿ, ಸಂತೆಕಟ್ಟೆಯ ಎದುರಿನ ಟೌನ್ ಹಾಲಿನ ಮಹಡಿಯಲ್ಲಿ. ಮಾವಿಸ್ ಕೋಲೂರಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ತೀರ್ಪು ಕೊಡಲು ರಾಜಧಾನಿಯಿಂದ ಬಂದ ಅಧಿಕಾರಿ ಐವತ್ತರ ಆಸುಪಾಸಿನ ಹೆಂಗಸು. ಲಾಂಗ್‌ಸ್ಟಾಫ್ ಕಡೆಯ ವಕೀಲನ ಬಾಯಿ ಜೇನು.

ಮೊದಲು ನಿಂತವನು ಕಟುಕ ಸಿರಿಲ್ ಹಾಬ್ಸ್.

"ಹೆರಾಲ್ಡ್ ಸ್ಟಬ್ಸ್ ಅವರು ಉದಾರಿಗಳು, ಅಲ್ಲವೇ?" ವಕೀಲ ನಯವಾಗಿ ಕೇಳಿದ.

"ಅಯ್ಯೋ, ದೇವರಂಥ ಮನುಷ್ಯ ಸ್ವಾಮಿ."

"ನಿಮ್ಮನ್ನೆಲ್ಲ ತಮ್ಮ ಹೊಲದಲ್ಲಿ ನಡೆಯಲು ಬಿಟ್ಟದ್ದು ಅವರ ದೊಡ್ಡತನ."

"ಹೌದೌದು. ಯಾವತ್ತೂ ಬೇಡ ಅನ್ಲಿಲ್ಲ. ಪಾಪ, ಕೈ ಬೀಸಿ ನಗೋನು."

ಎರಡನೆಯವರು ನಿವೃತ್ತ ಟೀಚರ್ ಮಿಸೆಸ್ ಆಗ್ಡನ್. "ಅವರ ಕೃಪೆ ಅಂತ್ಲೇ ಹೇಳಬೇಕು," ಎಂದುಬಿಟ್ಟರು. ಆಮೇಲೆ ಬಂದವರೂ ಅಷ್ಟೆ. ಸತ್ತವನ ಬಗ್ಗೆ ಒಳ್ಳೆಯ ಮಾತು ಕೇಳಿದರೆ ನಮ್ಮೂರಿನವರು ಇಲ್ಲ ಎನ್ನುತ್ತಾರೆಯೇ? ಕಾಲು ತುಳಿದವನಿಗೂ ತಾವೇ ಕ್ಷಮೆ ಕೇಳುವ ಜನ. ವಕೀಲ ಮಾತ್ರ 'ಬಿಟ್ಟರು', 'ಕೃಪೆ', 'ದೊಡ್ಡತನ' ಎಂದು ಒಂದೊಂದನ್ನೂ ಬರೆದುಕೊಳ್ಳುತ್ತಿದ್ದ. ಇಷ್ಟು ಜನ ಸೇರಿ, ಸೌಜನ್ಯಕ್ಕೆಂದು, ಅದೆಲ್ಲ ಅಪ್ಪಣೆಯ ಮೇಲೆ ನಡೆದದ್ದೆಂದು ತಾವೇ ಒಪ್ಪಿಕೊಂಡಂತಾಗಿತ್ತು.

ಊಟದ ಬಿಡುವಿನಲ್ಲಿ ಸಿರಿಲ್ ನಗುತ್ತಾ ಬಂದ. "ಹೇಗಿತ್ತು ಮಾವಿಸಕ್ಕಾ ನನ್ನ ಸಾಕ್ಷಿ?"

"ನನ್ನ ಕಣ್ಣೆದುರು ನಿಲ್ಬೇಡ ಹೋಗು," ಎಂದಳು ಮಾವಿಸ್. ತಂದ ಸ್ಯಾಂಡ್‌ವಿಚ್ಚನ್ನು ಬಿಚ್ಚದೆ ಚೀಲಕ್ಕೆ ಹಾಕಿದಳು. ತಿದ್ದಿ ಹೇಳಿಕೊಡೋಣವೆಂದರೆ ಅದು ತಪ್ಪು. ಸುಳ್ಳು ಹೇಳಿಸಿ ಗೆದ್ದ ದಾರಿಯಲ್ಲಿ ಅವಳು ನಡೆಯುವವಳೂ ಅಲ್ಲ.

ಬಿಡುವು ಮುಗಿದ ಮೇಲೆ ಅಧಿಕಾರಿ ಕೇಳಿದರು: "ಅರ್ಜಿದಾರರೇ, ನಿಮ್ಮ ಸಾಕ್ಷಿಗಳನ್ನು ನೀವು ಮತ್ತೇನಾದರೂ ಕೇಳುವುದಿದೆಯೇ?"

ಮಾವಿಸ್ ಕೋಲು ಊರಿ ಎದ್ದು ನಿಂತಳು. "ಇದೆ. ಎಲ್ರನ್ನೂ ಒಂದೇ ಪ್ರಶ್ನೆ ಕೇಳೋದಿದೆ. ಸಿರಿಲ್, ಬಾರೋ ಇಲ್ಲಿ. ಈ ದಾರೀಲಿ ಹೋಗ್ಲಾ ಅಂತ ನೀನು ಹೆರಾಲ್ಡನ್ನ ಕೇಳಿದ್ದು ಯಾವತ್ತು?"

ಸಿರಿಲ್ ಪಿಳಿಪಿಳಿ ಕಣ್ಣು ಬಿಟ್ಟ. "ಕೇಳೋದಾ? ನಾನ್ಯಾಕೆ ಕೇಳ್ಲಿ?"

"ದೇವರಂಥ ಮನುಷ್ಯ ಅಂದ್ಯಲ್ಲ."

"ದೇವರಂಥೋನೇ. ಅದಕ್ಕೂ ಇದಕ್ಕೂ ಏನ್ ಸಂಬಂಧ? ಬೆಣ್ಣೆ ದಾರಿ ಅದು! ನಮ್ಮಜ್ಜಿ ಬುಟ್ಟಿ ಹೊತ್ಕೊಂಡು ಬರ್ತಿದ್ಳು, ಅವ್ಳೂ ಯಾರನ್ನೂ ಕೇಳ್ಲಿಲ್ಲ."

"ಹೋಗ್ಬೇಡ ಅಂತ ಹೆರಾಲ್ಡ್ ಅಂದಿದ್ರೆ?"

"ಕುಡಿದಿದ್ದಾನೆ ಅಂದ್ಕೊಂಡು ಮನೆಗೆ ಕರ್ಕೊಂಡ್ಹೋಗಿ ಬಿಡ್ತಿದ್ದೆ."

ಕೂತಿದ್ದವರೆಲ್ಲ ನಕ್ಕರು. ಮಿಸೆಸ್ ಆಗ್ಡನ್ ನಗಲಿಲ್ಲ, ಅವರಿಗೆ ಸಿಟ್ಟೇ ಬಂತು. "ಇದೆಂಥ ಪ್ರಶ್ನೆ ಮಾವಿಸ್? ಸಂತೆಗೆ ಹೋಗೋಕೆ ಯಾರಾದ್ರೂ ಅಪ್ಪಣೆ ಕೇಳ್ತಾರಾ? ನನ್ನನ್ನ ಏನಂದ್ಕೊಂಡಿದ್ದೀಯ?" ಎಂದರು. ಒಬ್ಬರಾದ ಮೇಲೊಬ್ಬರು ಬಂದು ಹಾಗೇ ಹೇಳಿದರು. ಕೇಳಿದೆವೆಂದವರು ಒಬ್ಬರೂ ಇಲ್ಲ. ವಕೀಲನ ಪೆನ್ನು ನಿಂತಿತು.

ಕೊನೆಗೆ ಅವನು ಮಾವಿಸ್‌ಳನ್ನೇ ಹಿಡಿದ. "ಪ್ರತಿ ಕ್ರಿಸ್ಮಸ್‌ಗೆ ನೀವು ಸ್ಟಬ್ಸ್ ಅವರಿಗೆ ಒಂದು ಚೀಸ್ ಗಡ್ಡೆ ಕೊಡುತ್ತಿದ್ದಿರಿ. ದಾರಿ ಬಿಟ್ಟ ಉಪಕಾರಕ್ಕೆ ತಾನೇ?"

"ಹೆಂಡತಿ ತೀರ್ಕೊಂಡ ವರ್ಷ, ಕ್ರಿಸ್ಮಸ್ ದಿನ ಅವನು ಅಡಿಗೆಮನೇಲಿ ಒಬ್ಬನೇ ಒಣ ಬ್ರೆಡ್ ತಿಂತಾ ಕೂತಿದ್ದ. ಅವತ್ತಿಂದ ಕೊಡ್ತಿದ್ದೆ. ದಾರಿಗೋಸ್ಕರ ಚೀಸ್ ಕೊಡೋಕೆ ನನಗೇನು ಹುಚ್ಚಾ?"

"ನನ್ನ ಕಕ್ಷಿದಾರರು ನಿಮಗೆ ಕೀಲಿಕೈ ಕೊಡಲು ಬಂದರು. ನೀವು ಬೇಡವೆಂದಿರಿ. ಅಕ್ಕನ ಮೇಲೆ ಅಷ್ಟು ಪ್ರೀತಿ ಇದ್ದಿದ್ದರೆ..."

ನೀರು ಕೊಡಲು ಬಂದ ಸಿರಿಲ್‌ನ ಕೈಯನ್ನು ಮಾವಿಸ್ ಸರಿಸಿದಳು. "ಹೌದು ಸ್ವಾಮಿ, ಬೇಡ ಅಂದೆ. ಅದಕ್ಕೆ ನನ್ನಕ್ಕ ನಲವತ್ತು ಮೈಲಿ ದೂರದಲ್ಲಿ, ಗುರುತಿಲ್ಲದವರ ಮಧ್ಯ ಕೂತಿದ್ದಾಳೆ. ದಿನಾ ಹೊಟ್ಟೆ ಉರಿಯುತ್ತೆ ನಂಗೆ. ಆದ್ರೂ ಇವತ್ತು ಅದೇ ಕಾಗದ ಕೊಟ್ಟು ನೋಡಿ, ಇವತ್ತೂ ಬೇಡ ಅಂತೀನಿ. ನಮ್ಮದೇ ದಾರೀನ ಅವರಿಂದ ಬೇಡಿ ತಗೊಳ್ಳಲ್ಲ."

ವಕೀಲ ಕೂತುಕೊಂಡ.

ತೀರ್ಪು ಬಂದದ್ದು ಆಗಸ್ಟಿನಲ್ಲಿ. ಬೆಣ್ಣೆ ದಾರಿ ಊರಿನ ದಾರಿ, ನಕ್ಷೆಗೆ ಸೇರಿಸತಕ್ಕದ್ದು ಎಂದಿತ್ತು. ಲಾಂಗ್‌ಸ್ಟಾಫ್ ಮರುಮಾತಾಡದೆ ಬೀಗ ತೆಗೆದು, ಕುದುರೆಗಳಿಗೆಂದು ಪಕ್ಕದಲ್ಲಿ ಬೇಲಿ ಹಾಕಿಸಿದ. ಕಾಗದ ಬಂದ ಗಂಟೆಯೊಳಗೆ ಮಾವಿಸ್ ಕೌನ್ಸಿಲ್ಲಿನ ಹೆಂಗಸಿಗೆ ಫೋನು ಮಾಡಿದಳು.

"ನಿಮ್ಮ ಸೊಂಟ?" ಎಂದು ಆಕೆ ಅನುಮಾನಿಸಿದಳು.

"ಹನ್ನೆರಡು ನಿಮಿಷದ ದಾರಿಗೆ ಈಗ ಇಪ್ಪತ್ತೈದು ನಿಮಿಷ ಬೇಕು. ದಿನಕ್ಕೆರಡು ಸಲ ನಡೀತೀನಿ. ಬಂದು ನೋಡಿ ಬೇಕಾದ್ರೆ."

ಆಕೆ ನಿಜಕ್ಕೂ ಬಂದಳು. ಒಂದು ವಾರ ಗೇಟಿನ ಬಳಿ ಗಡಿಯಾರ ಹಿಡಿದು ನೋಡಿದಳು. ಆಮೇಲೆ ಒಪ್ಪಿ ಸಹಿ ಹಾಕಿದಳು.

ಸೆಪ್ಟೆಂಬರಿನ ಮೊದಲ ವಾರ ಐವಿ ಮನೆಗೆ ಬಂದಳು. ಹತ್ತು ತಿಂಗಳಲ್ಲಿ ಇಳಿದುಹೋಗಿದ್ದಳು, ಮಾತು ಸ್ವಲ್ಪ ತೊದಲುತ್ತಿತ್ತು. ಮಾವಿಸ್ ಒಲೆ ಹೊತ್ತಿಸಿ, ಗಂಜಿ ಮಾಡಿ, ಚಮಚದಲ್ಲಿ ತಿನ್ನಿಸತೊಡಗಿದಳು. ಕೊನೆಗೆ ತಂಗಿಯೇ ಕೇಳಿದಳು: "ನನ್ನ ಮೇಲೆ ಕೋಪ ಇತ್ತಾ ಅಕ್ಕಾ?"

"ಇತ್ತು. ದಿನಾ ಇತ್ತು," ಎಂದಳು ಐವಿ. "ಕಿಟಕಿ ಹತ್ರ ಕೂರಿಸ್ತಿದ್ರು. ಕೂತ್ಕೊಂಡು ನಿನ್ನನ್ನ ಬೈತಿದ್ದೆ. ಸಹಿ ಹಾಕ್ಬೇಡ ಅಂತ ನಾನೇ ಹೇಳಿದ್ದು ಅಂತ ನೆನಪಾದ್ರೆ ನನ್ನನ್ನೇ ಬೈಕೋತಿದ್ದೆ."

"ಮತ್ತೆ ಈಗ?"

ಐವಿ ಬಲಗೈಯಲ್ಲಿ ತಂಗಿಯ ಮಣಿಕಟ್ಟು ಹಿಡಿದುಕೊಂಡಳು. "ಸಹಿ ಹಾಕಿದ್ರೂ ಬೈತಿದ್ದೆ ಕಣೇ. ಆದ್ರೆ ಆಗ ನಿನ್ನ ಮುಖ ನೋಡೋಕೆ ಆಗ್ತಿರ್ಲಿಲ್ಲ."

ಮಾವಿಸ್ ಉಳಿದ ಗಂಜಿಯನ್ನು ತಿನ್ನಿಸಿ, ಅಕ್ಕನ ಬಾಯಿ ಒರೆಸಿ, ಪಾತ್ರೆ ತೊಳೆದಿಟ್ಟಳು. ಸಂಜೆ ಮತ್ತೆ ಬರಬೇಕಿತ್ತು. ಕೋಲು ತೆಗೆದುಕೊಂಡು ಹುಲ್ಲುಗಾವಲಿನ ಕಡೆ ಹೊರಟಳು.